ಇರುವೆಗೂಡಿನ ನುಸಿ ಮತ್ತು ಶ್ರಾವಕನ ಪ್ರಮಾದ

ಜೈನರ ಅಹಿಂಸೆಯನ್ನು ಕೊಂಡಾಡುವವರೂ ಅದನ್ನು ಹಗುರವಾಗಿ ಆಡುವವರೂ ಬಹುಮಟ್ಟಿಗೆ ಒಂದೇ ಉದಾಹರಣೆಯನ್ನು ಹಿಡಿಯುತ್ತಾರೆ, ಅದು ಇರುವೆ. 'ಇರುವೆಯನ್ನೂ ತುಳಿಯದವರು' ಎಂಬ ಮಾತು ಒಬ್ಬರ ಬಾಯಲ್ಲಿ ಪ್ರಶಂಸೆ, ಇನ್ನೊಬ್ಬರ ಬಾಯಲ್ಲಿ ಪರಿಹಾಸ. ಎರಡರಲ್ಲಿಯೂ ಇರುವೆ ಬರಿಯ ಅಲ್ಪತೆಯ ಸಂಕೇತವಾಗಿ ಉಳಿಯುತ್ತದೆ. ಅದು ಉಸಿರಾಡುವ, ಗೂಡು ಕಟ್ಟುವ, ರೋಗಕ್ಕೆ ತುತ್ತಾಗುವ ಒಂದು ಜೀವವೆಂಬುದು ಇಬ್ಬರ ಗಮನಕ್ಕೂ ಬರುವುದಿಲ್ಲ. ಕನ್ನಡ ಜೈನ ಸಾಹಿತ್ಯದ ಅಧ್ಯಯನದಲ್ಲಿಯೂ ಇದೇ ಲೋಪವಿದೆ. ಜೀವದಯೆಯೆಂಬ ಒಂದು ದೊಡ್ಡ ಶಬ್ದದ ಕೆಳಗೆ ಎಲ್ಲ ಪ್ರಸಂಗಗಳನ್ನೂ ಸೇರಿಸಿ ಮುಂದೆ ಸಾಗುವುದು ಅಲ್ಲಿ ರೂಢಿ. ಆ ಶಬ್ದದ ಒಳಗೆ ಆಚಾರ್ಯರು ಮಾಡಿಟ್ಟ ಸೂಕ್ಷ್ಮ ವಿಭಾಗಗಳೇನು, ಅವು ಇಂದಿನ ಒಂದು ನಿಜವಾದ ಸಂಕಟದ ಎದುರಿಗೆ ನಿಲ್ಲಬಲ್ಲವೇ ಎಂಬ ಪರೀಕ್ಷೆ ನಡೆಯುವುದು ಅಪರೂಪ.

ಅಂತಹ ಪರೀಕ್ಷೆಗೆ ತಕ್ಕ ಸಂಕಟವೊಂದು ಈಗ ಒದಗಿದೆ. ಗಾಜಿನ ನಳಿಕೆಗಳಲ್ಲಿ, ಪಾರದರ್ಶಕ ಪೆಟ್ಟಿಗೆಗಳಲ್ಲಿ ಇರುವೆಯ ಗೂಡನ್ನು ಸಾಕುವ ಹವ್ಯಾಸ ಹಲವು ದೇಶಗಳಲ್ಲಿ ಬೆಳೆದಿದೆ. ಭಾರತದ ನಗರಗಳಿಗೂ ಬಂದಿದೆ. ಮೊದಲ ಮಳೆಯ ಸಂಜೆ ಹಾರಿಬಂದು ರೆಕ್ಕೆ ಕಳಚಿದ ರಾಣಿಯಿರುವೆಯನ್ನು ಹಿಡಿದು, ನೀರೂ ಹತ್ತಿಯೂ ಇರುವ ನಳಿಕೆಯಲ್ಲಿಟ್ಟು, ಅದರ ಸಂತಾನ ಬೆಳೆಯುವುದನ್ನು ನೋಡುವುದು ಈ ಹವ್ಯಾಸದ ರೀತಿ. ಕೆಲವು ತಿಂಗಳ ಬಳಿಕ ಗೂಡಿನಲ್ಲಿ ಧೂಳಿನ ಕಣಗಳಂತೆ ಏನೋ ಚಲಿಸತೊಡಗುತ್ತದೆ. ಇರುವೆಗಳ ತಲೆಯ ಮೇಲೆ, ಕಾಲುಗಳ ಸಂದಿಯಲ್ಲಿ, ಹೊಟ್ಟೆಯ ಅಡಿಯಲ್ಲಿ ಬಿಳಿಯ ಅಥವಾ ಕಂದುಬಣ್ಣದ ಚುಕ್ಕೆಗಳು ಕಾಣಿಸುತ್ತವೆ. ಅವು ನುಸಿಗಳು. ಸಾಕುವವನ ಮುಂದೆ ಆಗ ನಿಲ್ಲುವ ಪ್ರಶ್ನೆ ನೇರವಾದುದು: ಇರುವೆಯನ್ನು ಉಳಿಸಲು ನುಸಿಯನ್ನು ಕೊಲ್ಲಬಹುದೇ? ಸಿಂದಗಿಯಲ್ಲಿಯೋ ಮುದ್ದೇಬಿಹಾಳದಲ್ಲಿಯೋ ಶ್ರಾವಕರ ಮನೆಯ ಹುಡುಗನೊಬ್ಬನು ಇಂತಹ ಗೂಡನ್ನಿಟ್ಟು ಮನೆಯ ಹಿರಿಯರನ್ನು ಈ ಪ್ರಶ್ನೆ ಕೇಳಿದನೆಂದು ಭಾವಿಸಿದರೆ, ಅವರ ಬಳಿ ಉತ್ತರವಿದೆಯೇ?

ಮೊದಲು ಶಬ್ದವನ್ನು ನೋಡಬೇಕು. ಕನ್ನಡದಲ್ಲಿ 'ನುಸಿ' ಎಂಬುದು ಒಂದೇ ಪ್ರಾಣಿಯ ಹೆಸರಲ್ಲ. ಜೋಳದ ಚೀಲಕ್ಕೆ ಹತ್ತುವುದು ನುಸಿ. ತೆಂಗಿನ ಕಾಯಿಯ ತೊಟ್ಟಿನ ಬಳಿ ಕೂತು ಅದನ್ನು ಕುಗ್ಗಿಸುವುದೂ ನುಸಿ. ಬಟ್ಟೆಯ ಪೆಟ್ಟಿಗೆಯಲ್ಲಿ ಇಡುವ ಬಿಳಿಯ ಗುಂಡಿಗೆ ನುಸಿಗುಳಿಗೆಯೆಂದೇ ಹೆಸರು. ಕಣ್ಣಿಗೆ ಕಷ್ಟದಿಂದ ಕಾಣುವ, ಮನುಷ್ಯನ ಸೊತ್ತನ್ನು ಸದ್ದಿಲ್ಲದೆ ಕೆಡಿಸುವ ಎಲ್ಲವೂ ನುಸಿಯೇ. ಅಂದರೆ ಇದು ಪ್ರಾಣಿಯ ಜಾತಿಯನ್ನು ಹೇಳುವ ಶಬ್ದವಾಗುವುದಕ್ಕಿಂತ ಹೆಚ್ಚಾಗಿ ಮನುಷ್ಯನ ಬೇಸರವನ್ನು ಹೇಳುವ ಶಬ್ದ. ವಿಜ್ಞಾನದ ವಿಭಾಗ ಬೇರೆ. ಜೋಳದ ನುಸಿ ಆರು ಕಾಲಿನ ಕೀಟ. ತೆಂಗಿನದೂ ಇರುವೆಗೂಡಿನದೂ ಜೇಡ ಮತ್ತು ಚೇಳುಗಳ ಬಳಗಕ್ಕೆ ಸೇರಿದವು. ಈ ಎರಡನೆಯ ಬಗೆಯ ನುಸಿಗಳ ಅಧ್ಯಯನಕ್ಕೆ ಕರ್ನಾಟಕದಲ್ಲಿಯೇ ಗಟ್ಟಿಯಾದ ಪರಂಪರೆಯಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಜಿ. ಪಿ. ಚನ್ನಬಸವಣ್ಣನವರು ಅದಕ್ಕೆ ಬುನಾದಿ ಹಾಕಿದರು.

ಇನ್ನು ಶಾಸ್ತ್ರದ ವಿಭಾಗ. ಜೈನಾಗಮವು ಸಂಸಾರಿ ಜೀವಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ಗುರುತಿಸುತ್ತದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಹುಳು, ಇರುವೆ, ದುಂಬಿ, ಮನುಷ್ಯ ಎಂಬ ನಾಲ್ಕು ಉದಾಹರಣೆಗಳಿಂದ ಎರಡರಿಂದ ಐದರವರೆಗಿನ ಇಂದ್ರಿಯಗಳ ಏರಿಕೆಯನ್ನು ತೋರಿಸುತ್ತದೆ. ಇರುವೆಯು ತ್ರೀಂದ್ರಿಯ ಜೀವ. ಸ್ಪರ್ಶ, ರಸ, ಗಂಧ ಅದರ ಸಂಪತ್ತು. ಕುಂದಕುಂದಾಚಾರ್ಯರ ಪಂಚಾಸ್ತಿಕಾಯವು ಈ ತ್ರೀಂದ್ರಿಯ ವರ್ಗವನ್ನು ಇನ್ನೂ ಬಿಡಿಸಿ ಹೇಳುತ್ತದೆ. ಅಲ್ಲಿ ಹೇನು, ತಿಗಣೆ, ಇರುವೆಗಳ ಸಾಲಿನಲ್ಲಿಯೇ ಚೇಳೂ ಇದೆ. ಚೇಳಿನ ಬಳಗದ ನುಸಿಯನ್ನು ಈ ವಿಭಾಗದಲ್ಲಿ ಇರುವೆಯ ಪಕ್ಕದಲ್ಲಿಯೇ ಇಡಬೇಕಾಗುತ್ತದೆ.

ಇರುವೆಗೆ ಕಣ್ಣಿಲ್ಲವೆಂಬ ಈ ಎಣಿಕೆಯನ್ನು ಇಂದಿನ ಕೀಟವಿಜ್ಞಾನ ಒಪ್ಪುವುದಿಲ್ಲ; ಬಹಳಷ್ಟು ಇರುವೆಗಳಿಗೆ ಸಂಯುಕ್ತ ನೇತ್ರಗಳಿವೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಇರುವೆಯ ಲೋಕವು ಗಂಧದಿಂದಲೇ ಕಟ್ಟಿದ ಲೋಕವೆಂಬುದನ್ನು, ದಾರಿ, ಬಂಧು, ಶತ್ರು, ಸಾವು ಎಲ್ಲವನ್ನೂ ಅದು ವಾಸನೆಯಿಂದಲೇ ಬಹುಮಟ್ಟಿಗೆ ತಿಳಿಯುತ್ತದೆಯೆಂಬುದನ್ನು ಇಪ್ಪತ್ತನೆಯ ಶತಮಾನದ ಸಂಶೋಧನೆ ವಿಸ್ತಾರವಾಗಿ ತೋರಿಸಿದೆ. ಗೂಡಿನಲ್ಲಿ ಸತ್ತ ಇರುವೆಯನ್ನು ಉಳಿದವು ಹೊರಗೆ ಒಯ್ಯುವುದು ಅದು ಅಲುಗಾಡದಿರುವುದನ್ನು ನೋಡಿ ಅಲ್ಲ; ಹೆಣದಲ್ಲಿ ಹುಟ್ಟುವ ಆಮ್ಲದ ವಾಸನೆಯನ್ನು ಹಿಡಿದು. ಇರುವೆಯ ಸಾಮರ್ಥ್ಯದ ತುದಿಯಲ್ಲಿ ಘ್ರಾಣವನ್ನಿಟ್ಟ ಆಚಾರ್ಯರ ವರ್ಗೀಕರಣವನ್ನು ಪ್ರಾಣಿಶಾಸ್ತ್ರವೆಂದು ಸಮರ್ಥಿಸುವುದಕ್ಕೆ ಹೋಗದೆ, ಜೀವಗಳ ಅನುಭವವನ್ನು ಎಣಿಕೆಗೆ ತೆಗೆದುಕೊಂಡ ನೀತಿಶಾಸ್ತ್ರವೆಂದು ಓದುವುದು ಹೆಚ್ಚು ಪ್ರಾಮಾಣಿಕ.

ಆ ಓದಿನಿಂದ ಹೊರಡುವ ಮೊದಲ ಫಲಿತ ಹೀಗಿದೆ. ಹೆಚ್ಚು ಇಂದ್ರಿಯಗಳ ಜೀವಕ್ಕೆ ಮಾಡುವ ಘಾತವು ಹೆಚ್ಚು ಘೋರ ಎಂಬ ತಾರತಮ್ಯ ಜೈನಾಚಾರದಲ್ಲಿದೆ. ಶ್ರಾವಕನ ಆಹಾರವಿಚಾರ ನಿಂತಿರುವುದೂ ಅದರ ಮೇಲೆಯೇ. ಆದರೆ ಇರುವೆ ಮತ್ತು ನುಸಿ ಒಂದೇ ಪಂಕ್ತಿಯಲ್ಲಿ ಕೂತ ಮೇಲೆ ಈ ತಾರತಮ್ಯದ ನೆರವು ಸಿಗುವುದಿಲ್ಲ. ಇರುವೆ ಪ್ರಿಯವಾಗಿರುವುದು ಅದನ್ನು ಸಾಕಿದವನಿಗೆ. ನುಸಿಯ ಜೀವ ನುಸಿಗೆ ಪ್ರಿಯವಾಗಿಯೇ ಇದೆ.

ಸಂಖ್ಯೆಯ ವಾದವನ್ನು ತರಬಹುದು: ಕೆಲವು ನುಸಿಗಳನ್ನು ಕೊಂದರೆ ನೂರಾರು ಇರುವೆಗಳು ಉಳಿಯುತ್ತವೆಯಲ್ಲ? ಈ ವಾದವೇನೂ ಹೊಸದಲ್ಲ. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಅಹಿಂಸೆಯ ಪ್ರಕರಣದಲ್ಲಿ ಇದನ್ನು ಹೆಸರು ಹಿಡಿದು ಎತ್ತಿಕೊಂಡು ನಿರಾಕರಿಸುತ್ತದೆ. ಒಂದು ಹಿಂಸ್ರ ಪ್ರಾಣಿಯನ್ನು ಕೊಂದರೆ ಅನೇಕ ಜೀವಗಳ ರಕ್ಷಣೆಯಾಗುತ್ತದೆಂದು ಭಾವಿಸಿ ಕೊಲ್ಲಬಾರದು. ಬಹುಜೀವಘಾತಿಗಳು ಬದುಕಿದರೆ ಹೆಚ್ಚು ಪಾಪ ಗಳಿಸುತ್ತವೆಂಬ ಕನಿಕರದಿಂದಲೂ ಕೊಲ್ಲಬಾರದು. ದುಃಖದಲ್ಲಿ ನರಳುವ ಜೀವವನ್ನು ದುಃಖದಿಂದ ಬಿಡಿಸುವ ನೆಪದಿಂದಲೂ ಕೊಲ್ಲಬಾರದು ಎಂಬ ಕ್ರಮ ಅಲ್ಲಿದೆ. ಕೊಲೆಗೆ ಮನುಷ್ಯನು ಹುಡುಕಿಕೊಳ್ಳುವ ಒಳ್ಳೆಯ ಹೆಸರುಗಳನ್ನು ಒಂದೊಂದಾಗಿ ಕಿತ್ತುಹಾಕುವ ಈ ಭಾಗವನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಲೇಬೇಕು. ಜನ್ನನ ಯಶೋಧರಚರಿತೆಯಲ್ಲಿ ಹಿಟ್ಟಿನ ಕೋಳಿಯ ಬಲಿ ಏಕೆ ಜನ್ಮಜನ್ಮಾಂತರಗಳ ಯಾತನೆಯಾಗಿ ಬೆಳೆಯಿತೆಂಬುದಕ್ಕೆ ಉತ್ತರ ಈ ಬಗೆಯ ಶಾಸ್ತ್ರಚಿಂತನೆಯಲ್ಲಿದೆ. ಅಲ್ಲಿ ಪ್ರಾಣಿಯೇ ಸಾಯಲಿಲ್ಲ; ಸಂಕಲ್ಪ ಮಾತ್ರ ಇತ್ತು, ಅದಕ್ಕೊಂದು ಧರ್ಮದ ಹೆಸರಿತ್ತು.

ಹಾಗಾದರೆ ನುಸಿ ಹತ್ತಿದ ಗೂಡನ್ನು ನೋಡುತ್ತ ಕೈಕಟ್ಟಿ ಕೂರಬೇಕೇ? ಕನ್ನಡ ಕಾವ್ಯದಲ್ಲಿ ಅಂತಹ ಆದರ್ಶವಿದೆಯೆಂದು ಯಾರಾದರೂ ಹೇಳಬಹುದು. ಶಿವಕೋಟ್ಯಾಚಾರ್ಯರ ಹೆಸರಿನಲ್ಲಿ ಪ್ರಸಿದ್ಧವಾದ, 1949ರಲ್ಲಿ ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಲ್ಲಿ ಹೊರಬಂದ ವಡ್ಡಾರಾಧನೆಯ 19 ಕಥೆಗಳಲ್ಲಿ ಚಿಲಾತಪುತ್ರನದೂ ಒಂದು. ಇರುವೆಗಳು ಮೈಯನ್ನು ಜರಡಿಯಂತೆ ತೂತುಗೆಡವಿದರೂ ಕದಲದೆ ಉತ್ತಮಾರ್ಥವನ್ನು ಸಾಧಿಸಿದವನೆಂದು ಆರಾಧನಾ ಪರಂಪರೆ ಅವನನ್ನು ನೆನೆಯುತ್ತದೆ. ಸುಕುಮಾರಸ್ವಾಮಿ ನರಿಗೆ ಮೈಯೊಪ್ಪಿಸಿದ ಹಾಗೆ ಇವನು ಇರುವೆಗಳಿಗೆ ಮೈಯೊಪ್ಪಿಸಿದನು. ಪಂಪನ ಆದಿಪುರಾಣದ ಬಾಹುಬಲಿಯ ಸುತ್ತ ಹುತ್ತ ಬೆಳೆಯಿತು. ಶ್ರವಣಬೆಳಗೊಳದ ಶಿಲ್ಪಿ ಆ ಹುತ್ತವನ್ನೂ ಅದರಿಂದ ತಲೆಯೆತ್ತುವ ಹಾವುಗಳನ್ನೂ ಗೊಮ್ಮಟನ ಕಾಲಬಳಿ ಕಡೆದಿಟ್ಟನು. ಆದರೆ ಈ ಮಹಾಪುರುಷರು ಬಿಟ್ಟುಕೊಟ್ಟದ್ದು ತಮ್ಮ ದೇಹವನ್ನು, ಪರರ ದೇಹವನ್ನಲ್ಲ. ಪರೀಷಹಜಯವು ಸ್ವಂತ ನೋವಿಗೆ ಸಂಬಂಧಿಸಿದ್ದು. ಪೆಟ್ಟಿಗೆಯೊಳಗಿನ ಇರುವೆಯ ನೋವನ್ನು ಸಾಕಿದವನು ತನ್ನ ಸಮಭಾವದ ಸಾಧನೆಯಾಗಿ ಎಣಿಸಿದರೆ ಅದು ಪರೀಷಹವಲ್ಲ, ನಿಷ್ಕರುಣೆ. ಮುನಿಯ ಕಥೆಯನ್ನು ಗೃಹಸ್ಥನ ಆಲಸ್ಯಕ್ಕೆ ಪ್ರಮಾಣವಾಗಿ ತರುವುದು ಕಥೆಯ ಅಪವ್ಯಾಖ್ಯೆ.

ಗೃಹಸ್ಥನಿಗೆ ಬೇರೆಯೇ ಲೆಕ್ಕವಿದೆ. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದು ರೂಢಿ. ಅಡುಗೆ, ಕಸಗುಡಿಸುವಿಕೆಗಳಲ್ಲಿ ಆಗುವುದು ಆರಂಭೀ. ಒಕ್ಕಲುತನ, ವ್ಯಾಪಾರಗಳಲ್ಲಿ ಆಗುವುದು ಉದ್ಯೋಗೀ. ರಕ್ಷಣೆಗಾಗಿ ಎದುರಿಸುವಾಗ ಆಗುವುದು ವಿರೋಧೀ. ಅಣುವ್ರತಿಯಾದ ಶ್ರಾವಕನು ಪೂರ್ಣವಾಗಿ ಬಿಡಬೇಕಾದುದು ತ್ರಸಜೀವಗಳ ಸಂಕಲ್ಪಹಿಂಸೆಯನ್ನು. ಉಳಿದವುಗಳಲ್ಲಿ ಅವನಿಗೆ ಎಚ್ಚರದ ಹೊಣೆಯಿದೆ. ಈ ವಿಂಗಡಣೆ ಎಷ್ಟು ನೆಲದ ಮೇಲೆ ನಿಂತದ್ದೆಂಬುದನ್ನು ಅರಿಯಲು ವಿಜಯಪುರ ಜಿಲ್ಲೆಯ ಹೊಲಗಳನ್ನು ನೋಡಿದರೆ ಸಾಕು. ಇಂಡಿ, ಸಿಂದಗಿಗಳ ಲಿಂಬೆಯ ತೋಟಗಳು ಹೆಸರಾದವು. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ದೊರೆತಿದೆ. ಲಿಂಬೆಯ ಗಿಡಕ್ಕೂ ನುಸಿಯ ಕಾಟವುಂಟು. ಕಾಯಿಯ ಸಿಪ್ಪೆ ಕಂದಾಗಿ ಬೆಲೆ ಕಳೆದುಕೊಳ್ಳುತ್ತದೆ. ಅದೇ ಗಿಡದ ಮೇಲೆ ಇರುವೆಗಳು ಸಸ್ಯರಸ ಹೀರುವ ಹುಳುಗಳನ್ನು ಕಾಯುತ್ತ ಅವು ಸುರಿಸುವ ಸಿಹಿಯನ್ನು ಉಣ್ಣುತ್ತವೆ. ಇರುವೆ ಮತ್ತು ಲಿಂಬೆಯ ಕುಲದ ಗಿಡಗಳ ನಂಟು ಇನ್ನೊಂದು ಬಗೆಯಿಂದಲೂ ಹಳೆಯದು, ಕ್ರಿ.ಶ. 304ರದೆಂದು ಹೇಳಲಾಗುವ ಚೀನೀ ಸಸ್ಯಗ್ರಂಥವೊಂದು, ಕಿತ್ತಳೆಯ ತೋಟದ ಕೀಟಗಳನ್ನು ಹತೋಟಿಯಲ್ಲಿಡಲು ಕೆಂಪಿರುವೆಯ ಗೂಡುಗಳನ್ನು ಮಾರುತ್ತಿದ್ದುದನ್ನು ದಾಖಲಿಸುತ್ತದೆ. ಗಂಧಕವನ್ನು ಸಿಂಪಡಿಸುವ ಇಂಡಿಯ ಒಕ್ಕಲಿಗನು ಉದ್ಯೋಗೀ ಹಿಂಸೆಯ ಮಿತಿಯಲ್ಲಿದ್ದಾನೆ. ಅವನ ಹೊಟ್ಟೆಯ ಪ್ರಶ್ನೆ ಅಲ್ಲಿದೆ. ಅವನನ್ನು ಹವ್ಯಾಸಿಯೊಂದಿಗೆ ಒಂದೇ ತಕ್ಕಡಿಯಲ್ಲಿಟ್ಟು ತೂಗುವವರು ಶಾಸ್ತ್ರವನ್ನೂ ಅರಿಯರು, ಹೊಲವನ್ನೂ ಅರಿಯರು.

ಹವ್ಯಾಸದ ಸ್ಥಾನ ಬೇರೆ. ಸಮಂತಭದ್ರಾಚಾರ್ಯರ ರತ್ನಕರಂಡಕವು ಗುಣವ್ರತಗಳಲ್ಲಿ ಅನರ್ಥದಂಡವಿರತಿಯನ್ನು ಹೇಳುತ್ತದೆ. ಪ್ರಯೋಜನವಿಲ್ಲದೆ ಮಾಡುವ ಪಾಪಕಾರ್ಯಗಳಿಂದ ದೂರವಿರುವುದೇ ಅದರ ತಿರುಳು. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕಡಿಯುವುದು ಮುಂತಾದ ಪ್ರಮಾದಚರ್ಯೆಯೂ, ವಿಷಶಸ್ತ್ರಾದಿ ಹಿಂಸಾಸಾಧನಗಳನ್ನು ಕೊಡುವ ಹಿಂಸಾದಾನವೂ ಅದರ ಭೇದಗಳು. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೇರುವುದು, ಅನ್ನ ನೀರು ತಡೆಯುವುದು ಎಂದು ಇವುಗಳ ಅರ್ಥ. ಪಟ್ಟಿಯ ಮೊದಲ ಹೆಸರೇ ಬಂಧ. ಟೀಕಾಕಾರರ ಕಣ್ಣ ಮುಂದಿದ್ದುದು ದನಕರುಗಳಿರಬಹುದು. ಆದರೆ ಇಷ್ಟಬಂದ ಕಡೆ ಹೋಗುವುದನ್ನು ತಡೆಯುವುದೇ ಬಂಧವೆಂಬ ಅರ್ಥವು ಗಾಜಿನ ಪೆಟ್ಟಿಗೆಯನ್ನು ಹೊರಗಿಡುವುದಿಲ್ಲ.

ಇಲ್ಲಿಗೆ ಬಂದ ಮೇಲೆ ನುಸಿಯ ಪ್ರಶ್ನೆ ತನ್ನ ಮುಖವನ್ನು ಬದಲಿಸುತ್ತದೆ. ಮಣ್ಣಿನಲ್ಲಿರುವ ಇರುವೆಗೂಡಿನಲ್ಲಿಯೂ ನುಸಿಗಳಿವೆ. ಇರುವೆಗಳ ಜೊತೆಯಲ್ಲಿಯೇ ಬದುಕುವ ನುಸಿಯ ಜಾತಿಗಳು ಬಹಳ. ಅವುಗಳಲ್ಲಿ ಹೆಚ್ಚಿನವು ಎಂಜಲು, ಬೂಷ್ಟು, ಸತ್ತ ಹುಳುಗಳ ಮೇಲೆ ಬದುಕುತ್ತವೆ. ಕೆಲವು ಬೆಳವಣಿಗೆಯ ಒಂದು ಹಂತದಲ್ಲಿ ಇರುವೆಯ ಮೈಗೆ ಅಂಟಿಕೊಂಡು ಪಯಣಿಸುತ್ತವೆ; ಆ ಹಂತದಲ್ಲಿ ಅವಕ್ಕೆ ಉಣ್ಣುವ ಬಾಯಿಯೇ ಇರುವುದಿಲ್ಲ. ಅವಕ್ಕೆ ಇರುವೆಯೆಂದರೆ ಬಂಡಿ ಮಾತ್ರ. ಯೂರೋಪಿನ ಒಂದು ಜಾತಿಯ ನುಸಿ ಇರುವೆಯ ಗದ್ದದ ಅಡಿಯಲ್ಲಿ ಕೂತು ಅದರ ಬಾಯನ್ನು ತಟ್ಟಿ ತುತ್ತು ಬೇಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಶಾರ್ಲ್ ಜಾನೆ ಅದನ್ನು ಕೃತಕ ಗೂಡುಗಳಲ್ಲಿ ನೋಡಿ ವರ್ಣಿಸಿದನು. ಕೋಶಾವಸ್ಥೆಯ ಇರುವೆಯನ್ನು ಹೀರಿ ಕೊಲ್ಲುವ ನುಸಿಗಳೂ ಇವೆ. ಆದರೆ ಅವು ಈ ದೊಡ್ಡ ಬಳಗದ ಒಂದು ಭಾಗ ಮಾತ್ರ. ಇರುವೆಗಳ ಬಳಿಯೂ ಉಪಾಯಗಳಿವೆ. ಅವು ಒಂದರ ಮೈಯನ್ನೊಂದು ನೆಕ್ಕಿ ಶುಚಿಮಾಡುತ್ತವೆ. ಕಸವನ್ನೂ ಹೆಣಗಳನ್ನೂ ದೂರದ ತಿಪ್ಪೆಗೆ ಒಯ್ಯುತ್ತವೆ. ಮೈಯ ಗ್ರಂಥಿಯಿಂದ ಬೂಷ್ಟನ್ನು ತಡೆಯುವ ರಸವನ್ನು ಸುರಿಸುತ್ತವೆ. ಗೂಡು ಕೆಟ್ಟರೆ ಮೊಟ್ಟೆಮರಿಗಳನ್ನು ಕಚ್ಚಿಕೊಂಡು ಬೇರೆ ಕಡೆಗೆ ಗುಳೆ ಹೋಗುತ್ತವೆ.

ಪೆಟ್ಟಿಗೆಯಲ್ಲಿ ಈ ಉಪಾಯಗಳು ಸೋಲುತ್ತವೆ. ತಿಪ್ಪೆಗೆ ದೂರವೆಂಬುದೇ ಅಲ್ಲಿಲ್ಲ. ನಾಲ್ಕು ಬೆರಳಿನ ಆಚೆ ಗೋಡೆ. ಗುಳೆ ಹೋಗಲು ನೆಲವಿಲ್ಲ. ಸಾಕುವವನು ಪ್ರೀತಿಯಿಂದ ಹಾಕಿದ ಹೆಚ್ಚಿನ ಆಹಾರ ಕೊಳೆಯುತ್ತದೆ, ತೇವ ಆರುವುದಿಲ್ಲ, ಹೊರಗಿನಿಂದ ತಂದು ಹಾಕಿದ ಹುಳುವಿನ ಮೈಯಲ್ಲಿಯೇ ನುಸಿಯೂ ಬರುತ್ತದೆ. ಹೀಗೆ ಮಣ್ಣಿನಲ್ಲಿ ಸಹಚರವಾಗಿದ್ದುದು ಗಾಜಿನಲ್ಲಿ ಮಾರಿಯಾಗುತ್ತದೆ. ಹಿಂಸೆಯ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿಗಳು ಪ್ರಾಣಹರಣದ ಮೊದಲು ಪ್ರಮಾದವನ್ನು ಇಟ್ಟರು. ಗೂಡಿನ ನುಸಿ ಆ ಪ್ರಮಾದದ ಫಲ. ಅದನ್ನು ಶತ್ರುವೆಂದು ಕರೆದು ವಿರೋಧೀ ಹಿಂಸೆಯ ಅನುಮತಿಯನ್ನು ಬೇಡುವುದು, ತಾನೇ ಬಾಗಿಲು ಹಾಕಿ ತಾನೇ ಕೆಸರು ಮಾಡಿ ಕೊನೆಗೆ ಕೆಸರಿನ ಮೇಲೆ ಅಪವಾದ ಹೊರಿಸಿದಂತೆ. ಹುತ್ತವನ್ನು ಬಡಿಯುವುದರ ವ್ಯರ್ಥತೆಯನ್ನು ಬಸವಣ್ಣನವರು ಒಂದು ವಚನದಲ್ಲಿ ಎತ್ತಿದ್ದು ಡಾಂಭಿಕ ತಪಸ್ಸಿನ ವಿಷಯದಲ್ಲಿ. ಹೊರಗಿನದನ್ನು ಹೊಡೆದು ಒಳಗಿನದನ್ನು ಬಿಡುವ ದೋಷ ಇಲ್ಲಿಯೂ ಅದೇ.

ಆದರೂ ಗೂಡು ಕಣ್ಣ ಮುಂದಿದೆ, ನುಸಿ ಹತ್ತಿದೆ; ಏನು ಮಾಡಬೇಕು? ಸಾಕುವವರು ಬಳಸುವ ಉಪಾಯಗಳನ್ನು ಈ ಬೆಳಕಿನಲ್ಲಿ ಪರಿಶೀಲಿಸಬಹುದು. ನುಸಿನಾಶಕ ಔಷಧ ಇರುವೆಗೂ ಅಪಾಯ. ಅದನ್ನು ಬಳಸುವುದು ಸಂಕಲ್ಪಹಿಂಸೆಯೇ. ನುಸಿಯನ್ನು ತಿನ್ನುವ ಬೇರೊಂದು ಜಾತಿಯ ನುಸಿಯನ್ನು ತಂದು ಬಿಡುವುದು ಇನ್ನೊಂದು ರೀತಿ. ಕೈಗೆ ರಕ್ತ ಹತ್ತದ ಈ ಮಾರ್ಗ ಬಹಳರಿಗೆ ನಿರ್ದೋಷವೆಂದು ತೋರುತ್ತದೆ. ಆದರೆ ಜೈನಶಾಸ್ತ್ರವು ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಎಣಿಸುತ್ತದೆ. ಕೊಲ್ಲುವವನನ್ನು ತಂದು ಬಿಡುವುದು ಕಾರಿತ. ಪೆಟ್ಟಿಗೆಯ ಹೊರಗೆ ಲಿಂಬೆಯ ಹೋಳನ್ನಿಟ್ಟು ಅದರ ಘಾಟಿನಿಂದ ನುಸಿಯನ್ನು ತೊಲಗಿಸಲು ಕೆಲವರು ಯತ್ನಿಸುತ್ತಾರೆ. ಇಂಡಿಯ ಲಿಂಬೆ ಇಲ್ಲಿಯೂ ನೆನಪಾಗುವುದು ಸಹಜ. ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಓಡಿಹೋಗಲು ದಾರಿಯಿಲ್ಲದ ಜೀವಕ್ಕೆ ಘಾಟು ತೊಲಗಿಸುವ ಉಪಾಯವಲ್ಲ, ಕೊಲ್ಲುವ ಉಪಾಯ. ಗಂಧವೇ ಲೋಕವಾದ ಇರುವೆಗೂ ಅದು ಕ್ಲೇಶ. ಉಳಿಯುವುದು ಕೊನೆಯ ಮಾರ್ಗ: ತೇವವನ್ನು ಇಳಿಸುವುದು, ಎಂಜಲನ್ನು ದಿನವೂ ತೆಗೆಯುವುದು, ಪಕ್ಕದಲ್ಲಿ ಶುಚಿಯಾದ ಕತ್ತಲೆಯ ಹೊಸ ಗೂಡನ್ನು ಜೋಡಿಸಿ ಇರುವೆಗಳು ತಾವಾಗಿಯೇ ಸಾಗುವಂತೆ ಮಾಡುವುದು. ಮಣ್ಣಿನಲ್ಲಿ ಅವು ಮಾಡಬಹುದಾಗಿದ್ದ ಗುಳೆಯನ್ನು ಪೆಟ್ಟಿಗೆಯಲ್ಲಿ ಸಾಧ್ಯವಾಗಿಸುವುದಷ್ಟೇ ಇದರ ಅರ್ಥ. ಅನುಭವಸ್ಥ ಸಾಕಣೆದಾರರೂ ಮೊದಲು ಹೇಳುವುದು ಇದನ್ನೇ.

ಹಳೆಯ ಗೂಡಿನಲ್ಲಿ ಉಳಿದ ನುಸಿಗಳ ಗತಿಯೇನು? ಇದಕ್ಕೆ ಜೈನ ಮನೆಗಳ ಒಂದು ಸರಳ ಆಚಾರ ಉತ್ತರ ಕೊಡುತ್ತದೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅಲ್ಲಿಯೇ ಒಣಗಲು ಬಿಡದೆ ಅದೇ ಬಾವಿಗೆ ಮರಳಿಸುವ ಕ್ರಮ ಅದು. ಸೋಸುವುದರಿಂದ ಮನುಷ್ಯನ ಕೆಲಸ ಅರ್ಧ ಮಾತ್ರ ಆಯಿತು. ಬಂದ ನೆಲೆಗೆ ತಲುಪಿಸಿದಾಗ ಪೂರ್ಣವಾಯಿತು. ಜೋಳದ ಸೀಮೆಯ ಹೆಂಗಸರು ಮರದಲ್ಲಿ ಕೇರಿ, ಸಾಣಿಗೆಯಲ್ಲಿ ಸೋಸಿ ಬೇರ್ಪಡಿಸುವ ನುಸಿಯೂ ಹಿತ್ತಲಿನ ಮೂಲೆಗೆ ಬೀಳುತ್ತಿತ್ತು, ಬೆಂಕಿಗಲ್ಲ. ಹಳೆಯ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದ ತ್ರಿಪದಿಗಳು ಹುಟ್ಟಿದ್ದು ಇಂತಹ ಬೀಸುವ, ಕೇರುವ, ಸೋಸುವ ಕೈಗಳ ನಡುವೆ. ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ 'ಜೀವಾತ್ ಖಾನಾ' ಎಂಬ ಕೋಣೆಗಳೇ ಇದ್ದವು. ಹುಳು ಹಿಡಿದ ಧಾನ್ಯವನ್ನು ಅಲ್ಲಿ ಸುರಿದು ಹುಳುಗಳ ಪಾಡಿಗೆ ಹುಳುಗಳನ್ನು ಬಿಡುತ್ತಿದ್ದರು. ಅಲ್ಲಿ ನೋಡಿ ಆನಂದಿಸಲು ಗಾಜಿನ ಕಿಟಕಿ ಇರಲಿಲ್ಲವೆಂಬುದು ಗಮನಾರ್ಹ. ಸಾಕಿದ್ದು ಹುಳುವಿಗಾಗಿ, ಸಾಕುವವನ ವಿನೋದಕ್ಕಾಗಿ ಅಲ್ಲ.

ಬಂದ ನೆಲೆಗೆ ಮರಳಿಸುವುದೆಂಬ ಈ ಸೂತ್ರವೇ ಹವ್ಯಾಸದ ದೊಡ್ಡ ದೋಷವನ್ನೂ ಹೊರಗೆಡಹುತ್ತದೆ. ಮನೆಯ ಅಂಗಳದ ಇರುವೆಯಾದರೆ ಮರಳಿಸಲು ಅಂಗಳವಿದೆ. ಸಾವಿರಾರು ಮೈಲಿಯಿಂದ ಅಂಚೆಯಲ್ಲಿ ಬಂದ ಇರುವೆಯನ್ನೂ ಅದರ ಮೈಯ ನುಸಿಯನ್ನೂ ಎಲ್ಲಿಗೆ ಮರಳಿಸಬೇಕು? ಇಲ್ಲಿ ಬಿಟ್ಟರೆ ಇಲ್ಲಿಯ ಇರುವೆಗಳಿಗೆ ಅಪರಿಚಿತ ರೋಗ. ಬಿಡದಿದ್ದರೆ ಆಜೀವ ಬಂಧ. 2025ರ ಏಪ್ರಿಲ್‌ನಲ್ಲಿ ಕೀನ್ಯಾ ದೇಶದಲ್ಲಿ ಬೆಲ್ಜಿಯಂನ ಇಬ್ಬರು ತರುಣರು ಸುಮಾರು 5,000 ರಾಣಿಯಿರುವೆಗಳನ್ನು ಹತ್ತಿಯಿಟ್ಟ ನಳಿಕೆಗಳಲ್ಲಿ ತುಂಬಿಕೊಂಡು ಸಿಕ್ಕಿಬಿದ್ದರು. ಮರುತಿಂಗಳು ನ್ಯಾಯಾಲಯವು ಅವರಿಗೂ ಅಂತಹುದೇ ಇನ್ನೊಂದು ಪ್ರಕರಣದ ಇಬ್ಬರಿಗೂ ತಲಾ 10 ಲಕ್ಷ ಕೀನ್ಯಾ ಶಿಲ್ಲಿಂಗ್ ದಂಡ ಅಥವಾ 12 ತಿಂಗಳ ಸೆರೆಯನ್ನು ವಿಧಿಸಿತು. ಕಾಳು ಕೂಡಿಡುವ ಆ ಇರುವೆಗಳು ಅಲ್ಲಿಯ ಹುಲ್ಲುಗಾವಲಿನ ಬದುಕಿಗೆ ಆಧಾರವೆಂಬುದೂ ಚರ್ಚೆಗೆ ಬಂದಿತು. ಶ್ರಾವಕಾಚಾರದ ಗ್ರಂಥಗಳು ನಿಷಿದ್ಧ ವೃತ್ತಿಗಳಲ್ಲಿ ಹಿಂಸ್ರ ಪ್ರಾಣಿಗಳನ್ನು ಸಾಕುವ 'ಅಸತೀಪೋಷಣ'ವನ್ನು ಚರ್ಚಿಸುತ್ತವೆ. ಹುಳುಗಳನ್ನು ಕೊಂದು ಹಾಕಿ ಇರುವೆಯನ್ನು ಬೆಳೆಸಿ ಮಾರುವುದು ಅದರಿಂದ ದೂರವೇನಲ್ಲ.

ವಿರುದ್ಧ ವಾದಗಳನ್ನು ಅಲ್ಲಗಳೆಯದೆ ಕೇಳಬೇಕು. ಇರುವೆಯನ್ನು ಗಾಜಿನಲ್ಲಿಟ್ಟು ನೋಡಿದ್ದರಿಂದಲೇ ಅದರ ಬದುಕು ತಿಳಿದದ್ದು ನಿಜ. ಸರ್ ಜಾನ್ ಲಬಕ್ ತನ್ನ ಗಾಜಿನ ಗೂಡುಗಳಲ್ಲಿ ವರ್ಷಗಟ್ಟಲೆ ಇರುವೆಗಳನ್ನು ನೋಡಿ 1882ರಲ್ಲಿ ಇರುವೆ, ಜೇನು, ಕಣಜಗಳ ಕುರಿತ ಗ್ರಂಥವನ್ನು ಬರೆದನು. ಅವನ ಬಳಿಯ ಒಂದು ರಾಣಿಯಿರುವೆ ಸುಮಾರು 15 ವರ್ಷ ಬದುಕಿತು. ಜ್ಞಾನವು ಪ್ರಯೋಜನವೇ, ಅದನ್ನು ಅನರ್ಥವೆನ್ನಲಾಗದು. ಇರುವೆಯನ್ನು ಹತ್ತಿರದಿಂದ ನೋಡಿದ ಮಗು ಅದನ್ನು ತುಳಿಯಲು ಹಿಂಜರಿಯುವುದೆಂಬ ವಾದಕ್ಕೂ ತೂಕವಿದೆ. ಆದರೆ ನೋಡಲು ಬಂಧಿಸಲೇಬೇಕೆಂಬುದು ಸಿದ್ಧವಾಗಿಲ್ಲ. ದಕ್ಷಿಣ ಭಾರತದ ಇರುವೆಗಳನ್ನು ಅವುಗಳ ನೆಲೆಯಲ್ಲಿಯೇ ಗುರುತಿಸಲು ಅಜಯ್ ನರೇಂದ್ರ ಮತ್ತು ಎಂ. ಸುನಿಲ್ ಕುಮಾರ್ ಅವರು 2006ರಲ್ಲಿ ಕೈಪಿಡಿಯನ್ನೇ ಕೊಟ್ಟಿದ್ದಾರೆ. ಡೋಣಿಯ ದಂಡೆಯ ಎರೆಹೊಲದ ಬದುವಿನಲ್ಲಿ ಕಾಳು ಹೊತ್ತು ಸಾಗುವ ಇರುವೆಯ ಸಾಲನ್ನೂ, ಅದರ ಬಾಯಿಬಳಿ ಉಂಗುರದಂತೆ ಬಿದ್ದ ಹೊಟ್ಟನ್ನೂ ನೋಡಲು ಬೇಕಾದುದು ತಾಳ್ಮೆ ಮಾತ್ರ. ಮಳೆಯ ಸಂಜೆ ಹಾರುವ ರಾಣಿಗಳಲ್ಲಿ ಬಹುಪಾಲು ಹೇಗೂ ಸಾಯುತ್ತವೆ, ಒಂದನ್ನು ಹಿಡಿದರೇನು ಎಂಬ ಇನ್ನೊಂದು ವಾದವಿದೆ. ಹಕ್ಕಿಯ ಬಾಯಿಗೆ ಬಿದ್ದ ಇರುವೆಯ ಲೆಕ್ಕ ಮನುಷ್ಯನ ಖಾತೆಗೆ ಬರುವುದಿಲ್ಲ; ನಳಿಕೆಗೆ ಬಿದ್ದದ್ದರ ಲೆಕ್ಕ ಬರುತ್ತದೆ. ಕರ್ಮಸಿದ್ಧಾಂತದ ಈ ಖಾತೆಯ ಶಿಸ್ತನ್ನು ಮರೆತರೆ ಜೈನ ಕಥೆಗಳ ಒಂದು ಪುಟವೂ ಅರ್ಥವಾಗದು.

ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದ ಹೆಸರು ಮೂಲಸಂಘ, ದೇಸಿಗಣ, ಪುಸ್ತಕಗಚ್ಛದ ಒಂದು 'ಬಳಿ'ಗೆ ಸಂದಿತ್ತು. ಇಂಗಳೇಶ್ವರ ಬಳಿಯ ಮುನಿಗಳನ್ನು ದೂರದ ಶಾಸನಗಳೂ ಸ್ಮರಿಸುತ್ತವೆ. ಅದೇ ನೆಲದಲ್ಲಿ ಹನ್ನೆರಡನೆಯ ಶತಮಾನದಲ್ಲಿ ದಯೆಯನ್ನೇ ಧರ್ಮದ ಬುಡಕ್ಕೆ ಇಟ್ಟ ಶರಣನು ಹುಟ್ಟಿದನು. ಎರಡು ದರ್ಶನಗಳ ನಡುವೆ ಬಹಳ ವಾದಗಳು ನಡೆದಿವೆ. ದಯೆ ಬೇಕೆಂಬುದರಲ್ಲಿ ವಾದವಿರಲಿಲ್ಲ. ವ್ಯತ್ಯಾಸವೆಂದರೆ, ಜೈನಾಚಾರ್ಯರು ದಯೆಗೆ ಲೆಕ್ಕದ ಪುಸ್ತಕವೊಂದನ್ನು ಬರೆದಿಟ್ಟರು. ಭಾವನೆ ಮಾತ್ರವಿದ್ದ ದಯೆ ಮುದ್ದಾದ ಇರುವೆಯ ಪಕ್ಷ ವಹಿಸಿ ನುಸಿಯನ್ನು ಕೊಲ್ಲುತ್ತದೆ. ಲೆಕ್ಕವಿರುವ ದಯೆ, ಇಬ್ಬರನ್ನೂ ಒಂದು ಡಬ್ಬಿಗೆ ತಂದವರು ಯಾರು ಎಂದು ಕೇಳುತ್ತದೆ.

ಕನ್ನಡ ವಿಭಾಗಗಳಲ್ಲಿ ವಡ್ಡಾರಾಧನೆಯೂ ಯಶೋಧರಚರಿತೆಯೂ ಇನ್ನೂ ಪಾಠವಾಗಿವೆ. ಶ್ರಾವಕಾಚಾರದ ಗ್ರಂಥಗಳು ಬಹುಮಟ್ಟಿಗೆ ಆಗಿಲ್ಲ. ಕಾವ್ಯವನ್ನು ಓದಿ ಆಚಾರವನ್ನು ಬಿಟ್ಟದ್ದರಿಂದ, ಕಥೆಯ ಇರುವೆ ವೈರಾಗ್ಯದ ಅಲಂಕಾರವಾಯಿತು, ಹಿಟ್ಟಿನ ಕೋಳಿ ಒಂದು ವಿಚಿತ್ರ ಕಲ್ಪನೆಯಾಯಿತು. ಎರಡನ್ನೂ ಜೊತೆಗಿಟ್ಟು ಓದುವ ವಿದ್ಯಾರ್ಥಿಗೆ ಮಾತ್ರ, ಮನೆಯ ಹುಡುಗನು ನುಸಿ ಹತ್ತಿದ ಗೂಡನ್ನು ತಂದು ಮುಂದಿಟ್ಟಾಗ ಹೇಳಲು ಮಾತಿರುತ್ತದೆ: ಹೊಸ ಗೂಡು ಜೋಡಿಸು, ತೇವ ಇಳಿಸು, ಹಳೆಯದರ ಕಸವನ್ನು ಇರುವೆ ಹಿಡಿದ ಮಣ್ಣಿಗೇ ಒಯ್ದು ಹಾಕು; ಗೂಡು ಚೇತರಿಸಿಕೊಂಡ ಮೇಲೆ ರಾಣಿಯನ್ನೂ ಪರಿವಾರವನ್ನೂ ಅದೇ ಮಣ್ಣಿಗೆ ಬಿಟ್ಟು, ಬದುವಿನ ಮೇಲೆ ಕೂತು ನೋಡು.